ದ್ರೌಪದಿಯಕ್ಕ ಹಾಕಿದ ಫುಲ್‌ಸ್ಟಾಪ್

ಮೈಸೂರಿನಿಂದ ಮದುವೆಯಾಗಿ ಡೊಂಬಿವಲಿಗೆ ಬಂದ ಎರಡನೆಯ ವರ್ಷ, 2013ರಲ್ಲಿ, ನನಗೆ ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಕೆಲಸ ಸಿಕ್ಕಿತು. ಇಂಗ್ಲೆಂಡಿನ ಆಸ್ಪತ್ರೆಗಳ ಎಷ್ಟೋ ಡಾಕ್ಟರುಗಳು ವರದಿಯನ್ನು ಕೈಯಾರೆ ಬರೆಯುವುದಿಲ್ಲ, ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿಬಿಡುತ್ತಾರೆ. ಆ ರೆಕಾರ್ಡು ನಮ್ಮ ಆಫೀಸಿಗೆ ಬರುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಟೈಪ್ ಮಾಡಿ ವಾಪಸ್ ಕಳಿಸುವುದು ನಮ್ಮ ಕೆಲಸ. ಒಬ್ಬರು ಟೈಪ್ ಮಾಡಿದ್ದನ್ನು ಇನ್ನೊಬ್ಬರು ಮತ್ತೊಮ್ಮೆ ಕೇಳಿ, ಸರಿಯಿದೆ ಎಂದು ಒಪ್ಪಿದ ಮೇಲೆಯೇ ಅದು ಹೋಗಬೇಕು.

ಮೊದಲ ದಿನ ನಾನು ಅರ್ಧ ಪುಟ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಪಕ್ಕದ ಕುರ್ಚಿಯ ಹೆಂಗಸು ನನ್ನ ಪರದೆಯತ್ತ ಬಗ್ಗಿ ನೋಡಿದರು. ನಲವತ್ತರ ಆಸುಪಾಸು, ತೆಳ್ಳಗಿನ ಮೈ, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಕೂದಲು.

"ಕನ್ನಡದವಳಾ?" ಎಂದರು.

ಹೌದು ಎಂದೆ. ಹೇಗೆ ಗೊತ್ತಾಯಿತೆಂದು ಕೇಳಿದೆ.

"ಉಸಿರು ಬಿಟ್ಟಲ್ಲೆಲ್ಲ ಕಾಮಾ ಹಾಕಿದ್ದಿ. ಕನ್ನಡ ಶಾಲೆಯಲ್ಲಿ ಕಲಿತವರು ಹಾಗೇ ಹಾಕುದು. ನಾನೂ ಹಾಕ್ತಿದ್ದೆ."

ಅವರೇ ದ್ರೌಪದಿಯಕ್ಕ. ಅಲ್ಪವಿರಾಮ ಬಂದಲ್ಲಿ ಒಂದು ಎಣಿಸುವಷ್ಟು ನಿಲ್ಲಿ, ಪೂರ್ಣವಿರಾಮ ಬಂದಲ್ಲಿ ಎರಡು ಎಣಿಸುವಷ್ಟು ನಿಲ್ಲಿ ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದು ನಿಜ. ಅದನ್ನೇ ತಿರುಗಿಸಿ, ಡಾಕ್ಟರು ನಿಂತಲ್ಲೆಲ್ಲ ನಾನು ಕಾಮಾ ಒತ್ತುತ್ತಿದ್ದೆ. ಇಂಗ್ಲಿಷಿನಲ್ಲಿ ಅದು ನಡೆಯುವುದಿಲ್ಲ ಎಂದು ದ್ರೌಪದಿಯಕ್ಕ ಊಟದ ಬಿಡುವಿನಲ್ಲಿ ಕೂತು ತಿಳಿಸಿದರು. ಡಾಕ್ಟರು ನಡುವೆ ಚಹಾ ಕುಡಿಯುತ್ತಾನೆ, ಕಾಗದ ಹುಡುಕುತ್ತಾನೆ, ಆಕಳಿಸುತ್ತಾನೆ. ಅವನು ಎಷ್ಟೇ ಹೊತ್ತು ನಿಲ್ಲಲಿ, ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಒಂಟಿ ಕಾಮಾ ಬರಕೂಡದು. ಉಸಿರೇ ಬಿಡದೆ ಎರಡು ಪೂರ್ತಿ ವಾಕ್ಯ ಹೇಳಿದರೂ ಅವನ್ನು ಬರೀ ಕಾಮಾದಿಂದ ಅಂಟಿಸಕೂಡದು.

"ಉಸಿರನ್ನು ನಂಬಬೇಡ," ಎಂದರು. "ಅರ್ಥವನ್ನು ನಂಬು."

ಸಂಜೆ ಘನಸೋಲಿಯಿಂದ ಥಾಣೆಗೆ, ಅಲ್ಲಿಂದ ಸ್ಲೋ ಲೋಕಲ್ ರೈಲಿನಲ್ಲಿ ಕಳವಾವರೆಗೆ ಇಬ್ಬರೂ ಜೊತೆಯಾಗಿ ಬರುತ್ತಿದ್ದೆವು. ಅವರು ಕಳವಾದಲ್ಲಿ ಇಳಿದರೆ ನಾನು ಮುಂದೆ ಡೊಂಬಿವಲಿಗೆ. ಆ ಪ್ರಯಾಣದಲ್ಲಿ ತುಂಡು ತುಂಡಾಗಿ ಅವರ ಬದುಕು ನನಗೆ ತಿಳಿಯಿತು. ತಂದೆ ಮಾಪಣ್ಣ ತುಳುನಾಡಿನ ಬೆಳ್ಮಣ್ಣಿನ ಕಡೆಯವರು, ಮಾಜಿವಾಡಾದ ಒಂದು ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಅಡುಗೆಯವರಾಗಿದ್ದವರು. ವೇಟರ್ ಒಳಗೆ ಬಂದು "ಇಡ್ಲಿ ವಡೆ ಸಾಂಬಾರ್" ಎಂದು ಕೂಗಿದರೆ ಮಾಪಣ್ಣ ಸೌಟು ಹಿಡಿದು ಹೊರಗೆ ಬಂದು, "ಎಲ್ಲಿ ನಿಲ್ಲಿಸಿದ್ದು ಹೇಳು" ಎಂದು ಕೇಳುತ್ತಿದ್ದರಂತೆ. ಇಡ್ಲಿ ಒಂದು ಪ್ಲೇಟು, ವಡೆ ಸಾಂಬಾರ್ ಇನ್ನೊಂದೋ? ಎಲ್ಲ ಒಂದೇ ಪ್ಲೇಟಿಗೋ? ತನಗೆ ಆ ಗುಣ ಅಪ್ಪನಿಂದಲೇ ಬಂದದ್ದು ಎಂದು ದ್ರೌಪದಿಯಕ್ಕ ಹೇಳುತ್ತಿದ್ದರು.

ಏಳನೆಯ ತರಗತಿವರೆಗೆ ಕನ್ನಡ ಮೀಡಿಯಂ, ಮುಂದೆ ರಾತ್ರಿಶಾಲೆ, ಥಾಣೆ ಸ್ಟೇಷನ್ನಿನ ಹತ್ತಿರ ಟೈಪಿಂಗ್ ಕ್ಲಾಸು, ಒಬ್ಬ ವಕೀಲರ ಆಫೀಸಿನಲ್ಲಿ ನಾಲ್ಕು ವರ್ಷ. ಮಹಾಪೆಯ ಕೆಲಸಕ್ಕೆ ಎರಡು ಸಲ ಪರೀಕ್ಷೆ ಬರೆದು ಎರಡು ಸಲವೂ ವಿರಾಮಚಿಹ್ನೆಗಳ ಭಾಗದಲ್ಲೇ ಫೇಲಾದರು. ಆಮೇಲೆ ರದ್ದಿ ಅಂಗಡಿಯಿಂದ ಒಂದು ಹಳೆಯ ಇಂಗ್ಲಿಷ್ ವ್ಯಾಕರಣ ತಂದು, ಲೋಕಲ್ಲಿನ ಬಾಗಿಲ ಕಂಬಿ ಹಿಡಿದು ನಿಂತೇ ಓದಿದರು. ಮೂರನೆಯ ಸಲ ಒಂದೂ ತಪ್ಪಿರಲಿಲ್ಲ. ಮದುವೆಗೆ ಎರಡು ಸಂಬಂಧ ಬಂದು ಕೈತಪ್ಪಿದವು. ಮಾಪಣ್ಣ ತೀರಿಕೊಂಡ ಮೇಲೆ ಕಳವಾದ ಒಂದೇ ಕೋಣೆಯ ಮನೆಯಲ್ಲಿ ತಾಯಿ ಅಪ್ಪಿಯಮ್ಮ ಮತ್ತು ಅವರು, ಇಬ್ಬರೇ.

ಆಫೀಸಿನಲ್ಲಿ ಅವರಿಗೆ ಮಾತ್ರ ಬರುತ್ತಿದ್ದ ಒಂದು ದನಿಯಿತ್ತು. ಎಕ್ಸ್‌ರೇ ನೋಡಿ ವರದಿ ಹೇಳುವ ಮುದುಕ ಡಾಕ್ಟರು. ಮೆಲುದನಿ, ನಡುನಡುವೆ ಹಲ್ಲುಸೆಟ್ಟಿನ ಕಟಕಟ. ಬೇರೆ ಯಾರಿಗೂ ಆ ಫೈಲುಗಳು ಬೇಡ. ಆದರೆ ಆತ ಹಳೆಯ ಕಾಲದ ಮನುಷ್ಯ, ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳುತ್ತಿದ್ದ. ಜೊತೆಗೆ ತನಗೆ ತಾನೇ ಪ್ರಶ್ನೆ ಹಾಕಿಕೊಂಡು ಉತ್ತರಿಸುವ ಅಭ್ಯಾಸ. "ಹಾರ್ಟ್ ಸೈಜ್ ನಾರ್ಮಲ್ ಕ್ವೆಶ್ಚನ್ ಮಾರ್ಕ್. ಯೆಸ್ ಫುಲ್‌ಸ್ಟಾಪ್." ನಾವೆಲ್ಲ ಆತನಿಗೆ ಫುಲ್‌ಸ್ಟಾಪ್ ಅಜ್ಜ ಎಂದು ಹೆಸರಿಟ್ಟಿದ್ದೆವು. ಎಂಟು ವರ್ಷ ಆ ದನಿ ದ್ರೌಪದಿಯಕ್ಕನ ಕಿವಿಯಲ್ಲಿತ್ತು. ಒಮ್ಮೆ ಮೂರು ವಾರ ಆತನ ಫೈಲು ಬರಲಿಲ್ಲ. ಮತ್ತೆ ಬಂದಾಗ ಒಂದನ್ನು ಕೇಳಿ ಹೆಡ್‌ಫೋನ್ ತೆಗೆದಿಟ್ಟು, "ಇವನ ಹೆಂಡತಿ ಹೋಗಿದ್ದಾಳೆ," ಎಂದರು. ನಿಮಗೆ ಹೇಗೆ ಗೊತ್ತು ಎಂದೆ. "ದನಿ ನೋಡಿದ್ರೆ ಗೊತ್ತಾಗುದಿಲ್ವಾ," ಎಂದರು.

2017ರ ಜೂನ್ ಕೊನೆಯ ಒಂದು ಗುರುವಾರ. ಹಿಂದಿನ ದಿನದಿಂದ ಹಿಡಿದ ಮಳೆಗೆ ಹಳಿಗಳ ಮೇಲೆ ನೀರು ನಿಂತು ಅರ್ಧಕ್ಕರ್ಧ ಜನ ಆಫೀಸಿಗೆ ಬಂದಿರಲಿಲ್ಲ. ಆ ವೇಳೆಗೆ ನನಗೆ ಬಡ್ತಿ ಸಿಕ್ಕಿ, ಬೇರೆಯವರು ಟೈಪ್ ಮಾಡಿದ್ದನ್ನು ಪರೀಕ್ಷಿಸುವ ಕೆಲಸ ಬಂದಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ನನ್ನ ಸಾಲಿನಲ್ಲಿ ಅರವತ್ತು ಫೈಲುಗಳು ಕೂತಿದ್ದವು. ಸಂಜೆ ರೈಲು ನಿಲ್ಲುವ ಮೊದಲು ಮನೆ ಸೇರಬೇಕೆಂಬುದೊಂದೇ ತಲೆಯಲ್ಲಿ.

ಅದರಲ್ಲಿ ಫುಲ್‌ಸ್ಟಾಪ್ ಅಜ್ಜನ ಒಂದು ಫೈಲಿತ್ತು. ಮೂವತ್ತೆಂಟು ಸೆಕೆಂಡಿನದು. ಎಪ್ಪತ್ತಾರು ವರ್ಷದ ಹೆಂಗಸು, ಎದೆಯ ಎಕ್ಸ್‌ರೇ. ಹೆಸರು ನಮಗೆ ಕೊಡುವುದಿಲ್ಲ, ವಯಸ್ಸು ಮತ್ತು ಒಂದು ನಂಬರು ಮಾತ್ರ. ಆ ದಿನ ಅಜ್ಜನಿಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ಎಂಟು ವರ್ಷದಲ್ಲಿ ಮೊದಲ ಸಲ ಆತ ಚಿಹ್ನೆಗಳನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಗಾದರೂ ಹೇಳಿ ಮುಗಿಸಿ ಎದ್ದುಹೋಗುವವರ ಹಾಗೆ ಮಾತು ಸುರಿದುಬಿಟ್ಟಿದ್ದ. ನಡುವೆ ಹೀಗೊಂದು ಸಾಲು: ಲಂಗ್ಸ್ ಕ್ಲಿಯರ್ ನೋ ಫ್ಲೂಯಿಡ್ ಅಟ್ ದಿ ಲೆಫ್ಟ್ ಬೇಸ್.

ದ್ರೌಪದಿಯಕ್ಕ ಅದನ್ನು ನಾಲ್ಕು ಸಲ ಕೇಳಿದರಂತೆ. 'ನೋ' ಆದ ಮೇಲೆ ಒಂದು ಉಸಿರಿನಷ್ಟು ಬಿಡುವು ಅವರಿಗೂ ಕೇಳಿಸಿತ್ತು. ನೆಗಡಿಯವನು, ಮೂಗು ಎಳೆದುಕೊಂಡಿದ್ದಾನೆ ಎಂದುಕೊಂಡರು. 'ಕ್ಲಿಯರ್' ಆದ ಮೇಲೆ ಫುಲ್‌ಸ್ಟಾಪ್ ಹಾಕಿದರು. ಮುಂದಿನ ವಾಕ್ಯವನ್ನು 'ನೋ ಫ್ಲೂಯಿಡ್' ಎಂದು ಆರಂಭಿಸಿದರು. ಶ್ವಾಸಕೋಶ ಚೆನ್ನಾಗಿದೆ, ಎಡಗಡೆ ತಳದಲ್ಲಿ ನೀರಿಲ್ಲ ಎಂದಾಯಿತು.

ಫೈಲು ನನ್ನ ಮುಂದೆ ಬಂತು. ನಾನು ಹೆಡ್‌ಫೋನನ್ನು ಕತ್ತಿಗೆ ಇಳಿಬಿಟ್ಟುಕೊಂಡು ಬರೀ ಕಣ್ಣಲ್ಲಿ ಓದಿದೆ. ಒಂದು ಚಿಹ್ನೆಯೂ ತಪ್ಪಿರಲಿಲ್ಲ. ಒಪ್ಪಿ ಕಳಿಸಿದೆ.

ಹನ್ನೆರಡು ದಿನದ ಮೇಲೆ ಮ್ಯಾನೇಜರ್ ಸುದರ್ಶನ್ ನಮ್ಮಿಬ್ಬರನ್ನೂ ಮೀಟಿಂಗ್ ರೂಮಿಗೆ ಕರೆದರು. ಬೆಂಗಳೂರಿನವರು, ಸಾಮಾನ್ಯವಾಗಿ ನಗುನಗುತ್ತಲೇ ಬಯ್ಯುವ ಮನುಷ್ಯ. ಅಂದು ನಗಲಿಲ್ಲ. ಆ ಹೆಂಗಸನ್ನು ಮನೆಗೆ ಕಳಿಸಿದ್ದರಂತೆ. ಒಂಬತ್ತನೆಯ ದಿನ ಉಸಿರಾಡಲಾಗದೆ ಮತ್ತೆ ಆಂಬುಲೆನ್ಸಿನಲ್ಲಿ ಬಂದಳಂತೆ. ಎಡ ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಆಸ್ಪತ್ರೆಯವರು ವಿಚಾರಣೆ ಶುರು ಮಾಡಿದ್ದರು. ಅಷ್ಟು ಹೇಳಿ ಸುದರ್ಶನ್ ಆ ಮೂವತ್ತೆಂಟು ಸೆಕೆಂಡನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿದರು.

ಲಂಗ್ಸ್ ಕ್ಲಿಯರ್. ನೋ. ಆಮೇಲೆ ಒಂದು ಉಸಿರು. ಫ್ಲೂಯಿಡ್ ಅಟ್ ದಿ ಲೆಫ್ಟ್ ಬೇಸ್.

ಈಗ ಅದು ಸ್ಪಷ್ಟವಾಗಿ ಕೇಳಿಸಿತು. ಆತ ಎಂದಿನಂತೆ ತನ್ನನ್ನೇ ಪ್ರಶ್ನೆ ಕೇಳಿಕೊಂಡಿದ್ದ. ಶ್ವಾಸಕೋಶ ಚೆನ್ನಾಗಿದೆಯೇ? ಇಲ್ಲ. ಎಡಗಡೆ ತಳದಲ್ಲಿ ನೀರಿದೆ. ಕಟ್ಟಿದ ಗಂಟಲಿಗೆ ಪ್ರಶ್ನೆಯ ದನಿ ಏರಿರಲಿಲ್ಲ, ಅಷ್ಟೇ.

"ತಪ್ಪು ನನ್ನದು," ಎಂದರು ದ್ರೌಪದಿಯಕ್ಕ. "ಅವನು ಹೇಗೆ ಮಾತಾಡ್ತಾನೆ ಅಂತ ನನಗೆ ಗೊತ್ತಿತ್ತು. ಬೇರೆಯವರಿಗಾದ್ರೆ ಗೊತ್ತಿರ್ಲಿಲ್ಲ ಅನ್ಬಹುದು."

ಸುದರ್ಶನ್ ನನ್ನ ಕಡೆ ತಿರುಗಿದರು. "ಸಂಯುಕ್ತಾ, ನೀವು ಆಡಿಯೋ ಕೇಳಿದ್ರಾ?"

"ಕೇಳಿದೆ ಸರ್."

"ನಿಮಗೂ ನೋ ಫ್ಲೂಯಿಡ್ ಅಂತಾನೇ ಕೇಳಿಸ್ತಾ?"

"ಹೌದು ಸರ್."

ದ್ರೌಪದಿಯಕ್ಕ ನನ್ನನ್ನು ನೋಡಿದರು. ಅವರನ್ನು ಎಕ್ಸ್‌ರೇ ಕೆಲಸದಿಂದ ತೆಗೆದು ವಿಳಾಸಗಳನ್ನು ಟೈಪ್ ಮಾಡುವಲ್ಲಿ ಕೂರಿಸಿದರು. ತಿಂಗಳೊಳಗೆ ಅವರೇ ಕೆಲಸ ಬಿಟ್ಟರು. ನಾನು ಉಳಿದೆ.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಲೋಕಲ್ ರೈಲುಗಳನ್ನು ನಿಲ್ಲಿಸುವ ಕಳವಾ ಕಾರ್‌ಶೆಡ್ಡಿನ ಹಿಂದಿನ ಕಟ್ಟಡ, ಎರಡನೆಯ ಮಹಡಿಯ ಕೊನೆಯ ಕೋಣೆ. ದ್ರೌಪದಿಯಕ್ಕ ಇನ್ನೂ ಬಡಕಲಾಗಿದ್ದರು. ಚಾಪೆಯ ಮೇಲೆ ಎಡಗಡೆಯ ಗೋಡೆಯಿಂದ ದೂರ ಸರಿದು, ಬಲಕ್ಕೆ ವಾಲಿ ಕೂತಿದ್ದರು. ಅಪ್ಪಿಯಮ್ಮ ತುಳುವಿನಲ್ಲಿ ಏನೋ ದೂರು ಹೇಳಿ ನೀರು ಹಿಡಿಯಲು ಕೆಳಗೆ ಹೋದರು.

"ಅಮ್ಮ ಎಂತ ಹೇಳಿದ್ದು ಗೊತ್ತುಂಟಾ? ಇವಳು ಎಡ ಮಗ್ಗುಲಿಗೆ ಮಲಗುದೇ ಇಲ್ಲ ಅಂತ," ಎಂದರು ದ್ರೌಪದಿಯಕ್ಕ. "ಹೇಗೆ ಮಲಗುದು? ಆ ಕಡೆ ಅವಳು ಇರ್ತಾಳೆ."

"ಯಾರಕ್ಕಾ?"

"ಎಪ್ಪತ್ತಾರು ವರ್ಷದವಳು."

ಅವರೇ ನಿಧಾನವಾಗಿ ಹೇಳಿದರು. ಕಣ್ಣಿಗೆ ಕಂಡಿಲ್ಲ. ಉಸಿರು ಮಾತ್ರ. ಗಂಜಿ ಕುದಿ ಬಂದಾಗ ಆಗುವ ಸದ್ದಿನ ಹಾಗೆ, ಒಳಗೆ ನೀರು ತುಂಬಿಕೊಂಡವರ ಉಸಿರು. ಮೊದಲು ಥಾಣೆ ಸ್ಟೇಷನ್ನಿನಲ್ಲಿ ಶುರುವಾಯಿತಂತೆ. ಅಲ್ಲಿಯ ಪ್ರಕಟಣೆಯಲ್ಲಿ ಊರಿನ ಹೆಸರು ಬೇರೆ, ನಂಬರು ಬೇರೆ ರೆಕಾರ್ಡ್ ಮಾಡಿ ಜೋಡಿಸಿರುತ್ತಾರಲ್ಲ, ಪದಕ್ಕೂ ಪದಕ್ಕೂ ನಡುವೆ ಒಂದು ಸಂದು ಇರುತ್ತದೆ. ಆ ಸಂದಿನಲ್ಲಿ ಯಾರೋ 'ನೋ' ಎಂದರಂತೆ. ಮಾರನೆಯ ದಿನದಿಂದ ಮನೆಯಲ್ಲೂ.

"ಡಾಕ್ಟರಿಗೆ ತೋರಿಸೋಣ ಅಕ್ಕ," ಎಂದೆ.

"ತೋರಿಸಿದೆ. ನಿದ್ರೆಯ ಮಾತ್ರೆ ಕೊಟ್ರು. ನಿದ್ರೆ ಬರ್ತದೆ. ಅವಳು ಹೋಗುದಿಲ್ಲ." ಆಮೇಲೆ ಕೇಳಿದರು, "ಅವಳು ಬದುಕಿದ್ದಾಳಾ, ಆಫೀಸಿಗೆ ಏನಾದ್ರೂ ಸುದ್ದಿ ಬಂತಾ?"

ಇಲ್ಲ ಎಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

ಆಗ ಹೊರಗೆ ಒಂದು ಲೋಕಲ್ ಶೆಡ್ಡಿನೊಳಗೆ ಹೋಗಿ ನಿಂತಿತು. ಕಬ್ಬಿಣದ ಸದ್ದೆಲ್ಲ ಅಡಗಿ ಕೋಣೆ ಒಮ್ಮೆಗೇ ನಿಶ್ಶಬ್ದವಾಯಿತು. ನನ್ನ ಕಿವಿಗೆ ಬಹಳ ಹತ್ತಿರದಲ್ಲಿ ಗುಳುಗುಳು ಕುದಿಯುವ ಸದ್ದು ಕೇಳಿಸಿತು. ಒಲೆಯ ಮೇಲೆ ಏನೋ ಇಟ್ಟಿದ್ದಾರೆ ಎಂದು ತಿರುಗಿ ನೋಡಿದೆ. ಒಲೆ ಆರಿತ್ತು. ಎಡಗಡೆ ಪಕ್ಕದ ಮನೆಯವರದ್ದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಹೊರಟು ಬಾಗಿಲು ದಾಟಿದಾಗ ನೋಡಿದರೆ ಆ ಗೋಡೆಯ ಆಚೆ ಮನೆಯೇ ಇರಲಿಲ್ಲ. ಕಟ್ಟಡ ಅಲ್ಲಿಗೆ ಮುಗಿದಿತ್ತು.

ನಾನು ಆಡಿಯೋ ಕೇಳಿರಲಿಲ್ಲ ಎಂಬುದನ್ನು ಅಂದು ಹೇಳಬೇಕೆಂದೇ ಹೋಗಿದ್ದೆ. ಹೇಳದೆ ಬಂದೆ. ಆಮೇಲೆ ಎರಡು ವರ್ಷ ಕಳವಾ ಸ್ಟೇಷನ್ ಬಂದಾಗಲೆಲ್ಲ ರೈಲಿನ ಇನ್ನೊಂದು ಪಕ್ಕಕ್ಕೆ ಮುಖ ತಿರುಗಿಸಿ ಕೂರುತ್ತಿದ್ದೆ.

2019ರ ಹೊತ್ತಿಗೆ ಡಾಕ್ಟರುಗಳ ಮಾತನ್ನು ಕಂಪ್ಯೂಟರೇ ಕೇಳಿ ಬರೆಯತೊಡಗಿತ್ತು. ನಮ್ಮ ಆಫೀಸಿನಲ್ಲಿ ಮೂರು ಸಾಲು ಕುರ್ಚಿಗಳು ಖಾಲಿಯಾದವು. ಹಳೆಯ ದಾಖಲೆಗಳನ್ನು ವಿಂಗಡಿಸಿ ಅಳಿಸುವ ಕೆಲಸ ನನಗೆ ಬಂತು. ಹಾಗೆ ನೋಡುತ್ತಿದ್ದಾಗ ಆ ಆಸ್ಪತ್ರೆಯ ಹೆಸರಿನ ಒಂದು ಪತ್ರ ಸಿಕ್ಕಿತು. ವಿಚಾರಣೆ ಮುಗಿದ ಪತ್ರ. 2017ರ ನವೆಂಬರಿನದು. ಎರಡು ವರ್ಷದಿಂದ ಅದು ಅಲ್ಲೇ ಇತ್ತು. ಸುದರ್ಶನ್ ಓದಿ ಒಳಗಿಟ್ಟಿದ್ದರು, ದ್ರೌಪದಿಯಕ್ಕನಿಗೆ ತಿಳಿಸಬೇಕೆಂದು ಅವರಿಗೆ ಹೊಳೆದಿರಲಿಲ್ಲ.

ಪತ್ರದ ತುಂಬ ನಿಯಮ, ಕಲಮು, ಸಲಹೆ. ಎರಡನೆಯ ಪ್ಯಾರಾದಲ್ಲಿ, ನೀರು ತೆಗೆಯಲು ಆಕೆಗೆ ಎರಡು ಸಲ ಆಪರೇಶನ್ ಮಾಡಬೇಕಾಯಿತು ಎಂದು ಬರೆದು, ಕೊನೆಗೆ ಒಂದೇ ಸಾಲು: ದಿ ಪೇಶೆಂಟ್ ಡಿಡ್ ನಾಟ್ ಡೈ ಬಿಕಾಸ್ ಆಫ್ ದಿ ಸೆಕೆಂಡ್ ಆಪರೇಶನ್.

ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅದೇ ಸಂಜೆ ಕಳವಾದಲ್ಲಿ ಇಳಿದೆ. ಆಕೆ ಬದುಕಿದ್ದಾಳೆ, ಎರಡನೆಯ ಆಪರೇಶನ್ನಿನಿಂದ ಉಳಿದುಕೊಂಡಿದ್ದಾಳೆ ಎಂದೇ ಓದಿಕೊಂಡಿದ್ದೆ. ಮೆಟ್ಟಿಲು ಹತ್ತುವಾಗ, ಮೊದಲು ನನ್ನ ಮಾತು ಹೇಳದೆ ಚೀಟಿ ಕೊಡಬಾರದು ಎನಿಸಿತು.

ದ್ರೌಪದಿಯಕ್ಕ ಬಾಗಿಲು ತೆರೆದರು. ನಾನು ಒಳಗೆ ಕೂರುವ ಮೊದಲೇ ಹೇಳಿಬಿಟ್ಟೆ. "ಅಕ್ಕ, ಅವತ್ತು ನಾನು ಆ ಆಡಿಯೋ ಕೇಳ್ಲೇ ಇಲ್ಲ. ಬರೀ ಓದಿ ಪಾಸ್ ಮಾಡ್ದೆ. ಸುದರ್ಶನ್ ಸರ್ ಹತ್ರ ಸುಳ್ಳು ಹೇಳ್ದೆ."

"ಗೊತ್ತಿತ್ತು," ಎಂದರು.

"ಹೇಗೆ?"

"ಮೀಟಿಂಗಿನಲ್ಲಿ ಅವರ ಕಂಪ್ಯೂಟರ್ ನನ್ನ ಎದುರೇ ಇತ್ತಲ್ಲ. ಫೈಲ್ ನಿನ್ನ ಹತ್ರ ಇದ್ದದ್ದು ಹನ್ನೊಂದು ಸೆಕೆಂಡ್. ಆಡಿಯೋ ಮೂವತ್ತೆಂಟು. ಅವರು ಅದನ್ನು ಗಮನಿಸ್ಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಕೆಲಸವೂ ಹೋಗ್ತಿತ್ತು. ನೀನು ಕೇಳಿದ್ರೂ ನನ್ನ ಹಾಗೇ ಕೇಳ್ತಿದ್ದೆಯಾ ಏನೋ, ಅದು ಯಾರಿಗೆ ಗೊತ್ತು? ನೀನಾಗಿ ಹೇಳ್ತಿ ಅಂತ ಸ್ವಲ್ಪ ದಿನ ಕಾದೆ. ಆಮೇಲೆ ಕಾಯುದು ಬಿಟ್ಟೆ."

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಎದ್ದು ಹೋಗಿ ನನಗೆ ನೀರು ತಂದುಕೊಟ್ಟರು. ಆಗ ಚೀಟಿ ತೆಗೆದು ಅವರ ಕೈಗಿಟ್ಟು, "ಬದುಕಿದ್ದಾರೆ ಅಕ್ಕ," ಎಂದೆ.

ಅವರು ಓದಿದರು. ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದರು. ಮುಖದಲ್ಲಿ ಬರತೊಡಗಿದ್ದ ಗೆಲುವು ಅರ್ಧಕ್ಕೇ ನಿಂತಿತು.

"ಡೈ ಆದ ಮೇಲೆ ಕಾಮಾ ಇತ್ತಾ?"

"ಇರ್ಲಿಲ್ಲ."

"ಸರಿಯಾಗಿ ನೋಡಿದ್ದೀಯಾ? ನೀನು ಬರೆಯುವಾಗ ಬಿಟ್ಟುಹೋದದ್ದಲ್ಲವಾ?"

"ಇಲ್ಲ ಅಕ್ಕ. ಮೂರು ಸಲ ನೋಡಿದೆ."

"ಹಾಗಾದ್ರೆ ಬದುಕಿದ್ದಾಳೆ ಅಂತ ಹೇಗೆ ಹೇಳ್ತಿ?"

ಅವರು ಬಿಡಿಸಿ ಹೇಳಿದರು. ಕಾಮಾ ಇದ್ದರೆ, ಆಕೆ ಸಾಯಲಿಲ್ಲ, ಎರಡನೆಯ ಆಪರೇಶನ್ ಅವಳನ್ನು ಉಳಿಸಿತು. ಕಾಮಾ ಇಲ್ಲದಿದ್ದರೆ, ಆಕೆ ಸತ್ತದ್ದು ಎರಡನೆಯ ಆಪರೇಶನ್ನಿನಿಂದಲ್ಲ, ಬೇರೆ ಕಾರಣದಿಂದ. ಬರೆದವನು ನಿಯಮ ತಿಳಿದವನಾದರೆ ಆಕೆ ಸತ್ತಿದ್ದಾಳೆ. ತಿಳಿಯದವನೋ ಅವಸರದವನೋ ಆದರೆ ಬದುಕಿದ್ದಾಳೆ.

"ಅಷ್ಟೆಲ್ಲ ನೋಡಿ ಯಾರೂ ಬರೆಯಲ್ಲ ಅಕ್ಕ," ಎಂದೆ. "ಇಂಗ್ಲೆಂಡಿನವರೇ ಕಾಮಾ ಬಿಡ್ತಾರೆ."

"ಬಿಡ್ತಾರೆ. ಅದಕ್ಕೇ ಹೇಳುದು, ಗೊತ್ತಾಗುದಿಲ್ಲ ಅಂತ."

ಆ ರೋಗಿಯ ಬಗ್ಗೆ ಆಸ್ಪತ್ರೆಗೆ ಬರೆದು ಕೇಳುವ ಹಕ್ಕು ನಮಗಿರಲಿಲ್ಲ. ಆದರೆ ಚಿಹ್ನೆಗಳ ಬಗ್ಗೆ, ಕೇಳಿಸದ ಪದಗಳ ಬಗ್ಗೆ ದಿನಕ್ಕೆ ಹತ್ತಾರು ಪ್ರಶ್ನೆಗಳನ್ನು ಅವರಿಗೆ ಕಳಿಸುವುದು ನಮ್ಮ ಕೆಲಸದ ರೂಢಿಯೇ ಆಗಿತ್ತು. ಇಬ್ಬರೂ ಆ ಚಾಪೆಯ ಮೇಲೆ ಕೂತು ಒಂದು ವಾಕ್ಯ ಕಟ್ಟಿದೆವು. ಹೇಗೆ ಓದಿದರೂ ಒಂದೇ ಅರ್ಥ ಬರಬೇಕೆಂದು ದ್ರೌಪದಿಯಕ್ಕ ಏಳು ಸಲ ತಿದ್ದಿಸಿದರು. ನಿಮ್ಮ ಪತ್ರದ ಎರಡನೆಯ ಪ್ಯಾರಾದ ಕೊನೆಯ ವಾಕ್ಯದಲ್ಲಿ, 'ಡೈ' ಎಂಬ ಪದದ ನಂತರ ಕಾಮಾ ಇರಬೇಕಿತ್ತೇ? ಅಷ್ಟೇ. ಮರುದಿನ ಆಫೀಸಿನಿಂದ ಕಳಿಸಿದೆ.

ಹನ್ನೊಂದು ದಿನಕ್ಕೆ ಉತ್ತರ ಬಂತು. ವಿಚಾರಿಸಿದ್ದಕ್ಕೆ ಧನ್ಯವಾದ, ಆ ಪತ್ರ ಬರೆದ ಅಧಿಕಾರಿ ಈಗ ನಮ್ಮಲ್ಲಿಲ್ಲ, ಪ್ರಕರಣ ಮುಗಿದಿರುವುದರಿಂದ ಪತ್ರದಲ್ಲಿ ತಿದ್ದುಪಡಿ ಮಾಡಲಾಗದು. ಆ ಉತ್ತರದಲ್ಲಿ ಕಾಮಾ, ಸೆಮಿಕೋಲನ್, ಫುಲ್‌ಸ್ಟಾಪ್ ಎಲ್ಲವೂ ಇರಬೇಕಾದಲ್ಲೇ ಇದ್ದವು. ದ್ರೌಪದಿಯಕ್ಕ ಅದನ್ನು ಓದಿ ಮಡಚಿ, "ಇವನು ಚೆನ್ನಾಗಿ ಬರೀತಾನೆ," ಎಂದರು.

ಎರಡು ವರ್ಷದ ನಂತರ ಮಹಾಪೆಯ ಆ ಆಫೀಸು ಮುಚ್ಚಿತು. ನಾನೀಗ ಘೋಡಬಂದರ್ ರಸ್ತೆಯ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಬರೆದದ್ದನ್ನು ತಿದ್ದುತ್ತೇನೆ. ಅದು ಎಲ್ಲೂ ತಡವರಿಸದೆ ಕಾಮಾ ಹಾಕುತ್ತದೆ. ಪ್ರತಿ ಫೈಲನ್ನೂ ಎರಡು ಸಲ ಕೇಳುವುದರಿಂದ ನನ್ನ ಕೆಲಸ ಸದಾ ಹಿಂದೆ ಬೀಳುತ್ತದೆ, ಬಯ್ಯಿಸಿಕೊಳ್ಳುತ್ತೇನೆ. ದ್ರೌಪದಿಯಕ್ಕ ಕಳವಾದಲ್ಲೇ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಡಿಸ್ಚಾರ್ಜ್ ಕಾರ್ಡ್ ಬರೆಯುವ ಕೆಲಸಕ್ಕೆ ಸೇರಿದರು. ಒಮ್ಮೆ ಅವರನ್ನು ನೋಡಲು ಅಲ್ಲಿಗೆ ಹೋದಾಗ, ಒಬ್ಬ ಡಾಕ್ಟರು ಗೀಚಿಕೊಟ್ಟ ಚೀಟಿ ಹಿಡಿದು ಅವರು ಓಪಿಡಿಯ ಸಾಲು ದಾಟಿ ಒಳಗೆ ಹೋಗಿದ್ದರು. 'ಸ್ಟಾಪ್ ಟ್ಯಾಬ್ಲೆಟ್ ಇಫ್ ಡಿಜ್ಜಿ ಕಾಲ್' ಎಂದು ಬರೆದಿತ್ತು. ಮಾತ್ರೆ ಈಗಲೇ ನಿಲ್ಲಿಸಿ, ತಲೆ ಸುತ್ತಿದರೆ ಫೋನ್ ಮಾಡಬೇಕೋ? ತಲೆ ಸುತ್ತಿದರೆ ಮಾತ್ರ ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕೋ?

"ಮ್ಯಾಡಮ್, ಪೇಶೆಂಟ್ ಸಮಝ್ ಜಾಯೇಗಾ," ರೋಗಿಗೆ ಅರ್ಥವಾಗುತ್ತದೆ ಬಿಡಿ ಎಂದ ಡಾಕ್ಟರು, ತಲೆ ಎತ್ತದೆ.

ದ್ರೌಪದಿಯಕ್ಕ ಪೆನ್ನು ಮುಂದೆ ಚಾಚಿ ನಿಂತೇ ಇದ್ದರು. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಕೊನೆಗೆ ಆತ ಚೀಟಿ ಕಿತ್ತುಕೊಂಡು ಒಂದು ಚುಕ್ಕೆ ಒತ್ತಿ ಕೊಟ್ಟ. ಅವರು ಹೊರಗೆ ಬಂದು ರೋಗಿಯ ಮಗಳನ್ನು ಕೂರಿಸಿ, ಮರಾಠಿಯಲ್ಲಿ ಎರಡು ಸಲ ಓದಿ ಹೇಳಿ, ಅವಳ ಬಾಯಿಂದ ತಿರುಗಿ ಹೇಳಿಸಿ ಕಳಿಸಿದರು.

ಕಳೆದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಅವರು ನನ್ನನ್ನು ಊಟಕ್ಕೆ ಕರೆದರು. ತುಳುನಾಡಿನವರು ಆ ತಿಂಗಳಲ್ಲಿ ಮನೆಯ ಸತ್ತವರಿಗೆ ಎಲೆ ಹಾಕಿ ಬಡಿಸುತ್ತಾರೆ, ಅಗೆಲು ಎನ್ನುತ್ತಾರೆ. ಬಡಿಸಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಕಾಯಬೇಕು. ಬಂದವರು ಉಣ್ಣಲಿ ಎಂದು. ನಾನು ಹೋದಾಗ ಅಪ್ಪಿಯಮ್ಮ ಕೋಳಿ ಸಾರು ಇಳಿಸಿ, ಮಾಪಣ್ಣನ ಹೆಸರಿನಲ್ಲಿ ಒಂದು ಬಾಳೆಲೆ ಹಾಕಿದ್ದರು. ಇನ್ನೊಂದು ಎಲೆ ಹಾಕಬೇಕೆಂದು ಮಗಳು, ಆಗದೆಂದು ತಾಯಿ. ಇಬ್ಬರಿಗೂ ಜಗಳ ನಡೆದಿತ್ತು.

"ಸತ್ತಿದ್ದರೆ ಅವಳಿಗೆ ಯಾರು ಹಾಕ್ತಾರೆ?" ಎಂದರು ದ್ರೌಪದಿಯಕ್ಕ.

"ಬದುಕಿದ್ದರೆ?" ಎಂದರು ಅಪ್ಪಿಯಮ್ಮ, ನನಗೂ ತಿಳಿಯಲೆಂದು ಕನ್ನಡದಲ್ಲಿ. "ಬದುಕಿದವಳಿಗೆ ಅಗೆಲು ಹಾಕಿದ್ರೆ ಅವಳ ಆಯುಸ್ಸು ತೆಗೆದ ಹಾಗೆ. ಒಂದು ಸಲ ಮಾಡಿದ್ದು ಸಾಲದಾ?"

ದ್ರೌಪದಿಯಕ್ಕ ಗೋಡೆಗೊರಗಿ ಕೂತುಬಿಟ್ಟರು. ಅಪ್ಪಿಯಮ್ಮ ಸೆರಗಿನ ಅಂಚು ತಿರುವುತ್ತ ಯೋಚಿಸಿದರು. ಆಮೇಲೆ ಎದ್ದು ಇನ್ನೊಂದು ಎಲೆಯನ್ನು ತೊಳೆದು, ಮಾಪಣ್ಣನ ಸಾಲಿನಲ್ಲಿ ಅಲ್ಲ, ಬಾಗಿಲ ಹತ್ತಿರ, ನೆಂಟರಿಗೆ ಹಾಕುವ ಹಾಗೆ ಹಾಸಿದರು. ಪಕ್ಕದಲ್ಲಿ ಒಂದು ಮಣೆ ಇಟ್ಟರು. "ಇದು ಅಗೆಲು ಅಲ್ಲ, ಊಟ. ಇದ್ದರೂ ಬರ್ಲಿ, ಇಲ್ಲದಿದ್ದರೂ ಬರ್ಲಿ," ಎಂದು ಅನ್ನ, ಸಾರು ಬಡಿಸಿ, ನಮ್ಮನ್ನು ಹೊರಗೆ ಕಳಿಸಿ ತಾವೂ ಬಂದು ಬಾಗಿಲು ಎಳೆದುಕೊಂಡರು.

ಕೋಣೆಗಳ ಮುಂದಿನ ಓಣಿಯಲ್ಲಿ ಮೂವರೂ ನಿಂತೆವು. ಹೊರಗೆ ಹನಿ ಬೀಳುತ್ತಿತ್ತು. ಎದುರು ಮನೆಯ ಟಿವಿಯಲ್ಲಿ ಯಾವುದೋ ಮರಾಠಿ ಧಾರಾವಾಹಿ. ಸ್ವಲ್ಪ ಹೊತ್ತಿನ ಮೇಲೆ ದ್ರೌಪದಿಯಕ್ಕ ತಾಯಿಯ ಕಿವಿಯ ಹತ್ತಿರ ಬಗ್ಗಿ ಏನೋ ಕೇಳಿದರು. ಅಪ್ಪಿಯಮ್ಮ ಹಣೆ ತಟ್ಟಿಕೊಂಡರು.

"ಏನಂತೆ ಅಕ್ಕ?" ಎಂದೆ.

"ಸಾರು ಖಾರ ಉಂಟು," ಎಂದರು ದ್ರೌಪದಿಯಕ್ಕ. "ಅವಳು ಇಂಗ್ಲೆಂಡಿನವಳು. ಪ್ರಾಯ ಬೇರೆ ಆಗಿದೆ. ಹೇಗೆ ತಿಂತಾಳೆ?"

ಅಷ್ಟು ಹೇಳಿ ಛತ್ರಿಗೂ ಕಾಯದೆ, ಮೊಸರು ತರಲು ಮೆಟ್ಟಿಲಿಳಿದು ಓಡಿದರು. ಬರಲು ಹತ್ತು ನಿಮಿಷವಾಯಿತು. ಕೂದಲಿಂದ ನೀರು ಇಳಿಯುತ್ತಿತ್ತು. ಅಪ್ಪಿಯಮ್ಮ ಬಾಗಿಲನ್ನು ಕೈ ತೂರುವಷ್ಟು ಮಾತ್ರ ತೆರೆದು, ಒಳಗೆ ನೋಡದೆ, ಮೊಸರಿನ ಕುಡಿಕೆಯನ್ನು ನೆಲದ ಮೇಲೆ ಮಣೆಯ ಕಡೆಗೆ ಸರಿಸಿ, ಮತ್ತೆ ಬಾಗಿಲು ಮುಚ್ಚಿದರು.